ರೆಕ್ಕೆ ಮೂಳೆಯ ಅಡಿಯಲ್ಲಿ ಗಂಟು: ಸೋಮವಾರವೇ ತೆಗೆಸಿಬಿಡಬೇಕೇ?

ಇಳಕಲ್ಲಿನವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ನೌಕರಿಯಲ್ಲಿದ್ದೇನೆ. ಅಮ್ಮ ಇಳಕಲ್ಲಿನಲ್ಲಿ ಅಣ್ಣನ ಜೊತೆ ಇದ್ದಾರೆ. ವಯಸ್ಸು 61. ಮದುವೆಯಾಗಿ ಬಂದ ಹೊಸದರಿಂದಲೂ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದವರು. ಎಡಗೈಗೆ ಫಣಿಯ ಹಲಗೆ, ಬಲಗೈಗೆ ಲಾಳಿಯ ಹಗ್ಗ. ಸಾಕು ಬಿಡು ಎಂದು ನಾವು ಎಷ್ಟು ಹೇಳಿದರೂ ಕೇಳಿಲ್ಲ. ಈಗಲೂ ಮಧ್ಯಾಹ್ನದವರೆಗೆ ಮಗ್ಗ ಬಿಟ್ಟು ಏಳುವುದಿಲ್ಲ.

ಅವರಿಗೆ ಬಲಗಡೆಯ ಬೆನ್ನಿನಲ್ಲಿ, ರೆಕ್ಕೆ ಮೂಳೆಯ ಕೆಳತುದಿಯ ಹತ್ತಿರ ಒಂದು ಗಂಟಾಗಿದೆ. ಅದನ್ನು ಮೊದಲು ಕಂಡವರು ನಮ್ಮ ಓಣಿಯಲ್ಲಿ ಕುಪ್ಪಸ ಹೊಲಿಯುವ ಹೆಂಗಸು. ದೀಪಾವಳಿಗೆ ಅಳತೆ ತೆಗೆಯುವಾಗ, "ಬಲಗಡೆ ಬೆನ್ನು ಉಬ್ಬಿದೆಯಲ್ಲ ಅಕ್ಕಾ, ಹಳೆಯ ಅಳತೆಗೆ ಹೊಲಿದರೆ ಬಿಗಿಯುತ್ತದೆ" ಎಂದರಂತೆ. ಅಮ್ಮ ಕೈ ಇಳಿಬಿಟ್ಟು ನೆಟ್ಟಗೆ ನಿಂತರೆ ಗಂಟು ಕಾಣುವುದೇ ಇಲ್ಲ. ಮುಂದಕ್ಕೆ ಬಾಗಿ ಎರಡೂ ಕೈ ಚಾಚಿದರೆ ಥಟ್ಟನೆ ಹೊರಗೆ ಬರುತ್ತದೆ. ಕೈ ಹಿಂದಕ್ಕೆ ತಂದಾಗ ಒಳಗೆ "ಕಟ್" ಎಂದು ಸದ್ದಾಗುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಕೇಳಿಸುತ್ತದೆ. ನೋವು ಹೆಚ್ಚೇನಿಲ್ಲ. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಒತ್ತಿದ ಹಾಗಾಗುತ್ತದೆ ಎನ್ನುತ್ತಾರೆ.

ಊರಿನ ವೈದ್ಯರೊಬ್ಬರು ಮುಟ್ಟಿ ನೋಡಿ, "ಕೊಬ್ಬಿನ ಗಂಟು, ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯಲ್ಲಿ ತೆಗೆದುಬಿಡುತ್ತೇನೆ, ಸೋಮವಾರ ಬನ್ನಿ" ಎಂದಿದ್ದಾರೆ. ಅದಕ್ಕೂ ಮೊದಲು ಮಾಡಿಸಿದ ಅಲ್ಟ್ರಾಸೌಂಡ್ ವರದಿಯಲ್ಲಿ "6 × 4 ಸೆಂ.ಮೀ., ಸ್ನಾಯುಗಳ ಅಡಿಯಲ್ಲಿ, ಅಂಚು ಸ್ಪಷ್ಟವಿಲ್ಲ, ಒಳಗೆ ಗೆರೆಗೆರೆಯಾದ ರಚನೆ" ಎಂದಿದೆ. ಹುಬ್ಬಳ್ಳಿಯ ಸೋದರಮಾವ ಬೇರೆಯೇ ಹೆದರಿಸುತ್ತಿದ್ದಾರೆ: ಸೂಜಿ ಚುಚ್ಚಿಸಬೇಡಿ, ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು. ಅಮ್ಮನಿಗೆ ಮಾತ್ರ ಯಾವ ಗಾಬರಿಯೂ ಇಲ್ಲ. ಗಾಬರಿ ನನಗೆ.

ಸೋಮವಾರ ಕರೆದುಕೊಂಡು ಹೋಗಲು ಅಣ್ಣನಿಗೆ ಹೇಳಲೇ? ಸೂಜಿ ಪರೀಕ್ಷೆ ಬೇಕೇ, ಬೇಡವೇ? ತೆಗೆದ ಮೇಲೆ ಮತ್ತೆ ಮಗ್ಗ ನೇಯಬಹುದೇ? ಅಮ್ಮ ಕೇಳುತ್ತಿರುವುದು ಈ ಕೊನೆಯ ಪ್ರಶ್ನೆಯನ್ನು ಮಾತ್ರ.

ಬೆಟಗೇರಿ ಬಸು

ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಸರ್. ನಮ್ಮ ತಂದೆಗೂ ಹೆಗಲ ಮೇಲೆ ಹೀಗೆಯೇ ಕೊಬ್ಬಿನ ಗಂಟು ಇತ್ತು. ಬೆಳಿಗ್ಗೆ ಹೋದರು, ತೆಗೆಸಿದರು, ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ಉಂಡರು. ವೈದ್ಯರು ಹೇಳಿದ ಮೇಲೆ ಮುಗಿಯಿತಲ್ಲ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿ ಎಂದು ಹೇಳಿ.

ನಿವೃತ್ತ ಸರ್ಜನ್, ಧಾರವಾಡ

ಮೊದಲು ಸೋಮವಾರದ ವಿಷಯ. ಹೋಗಬೇಡಿ.

ನಾನು ಜಿಲ್ಲಾ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯನಾಗಿ ಸೇವೆ ಮುಗಿಸಿದವನು. ಮೈ ಮುಟ್ಟದೆ ರೋಗ ಹೇಳುವ ಚಟ ನನಗಿಲ್ಲ. ಆದರೆ ಕೆಲವು ಗಂಟುಗಳು ತಾವಿರುವ ಜಾಗದಿಂದಲೇ ತಮ್ಮ ಪರಿಚಯ ಹೇಳಿಬಿಡುತ್ತವೆ. ಅರವತ್ತರ ಆಸುಪಾಸಿನ ಹೆಂಗಸು, ಜೀವಮಾನವೆಲ್ಲ ಹೆಗಲಿನ ಕೆಲಸ, ರೆಕ್ಕೆ ಮೂಳೆಯ ಕೆಳತುದಿ, ಬಾಗಿದರೆ ಕಾಣುವುದು, ನಿಂತರೆ ಅಡಗುವುದು, ಕೈ ಆಡಿಸಿದರೆ ಸದ್ದು: ಇಷ್ಟೂ ಒಂದೇ ಕಡೆ ಸೇರಿದಾಗ ನನಗೆ ಮೊದಲು ನೆನಪಾಗುವುದು ಎಲಾಸ್ಟೊಫೈಬ್ರೋಮ. ಅಲ್ಟ್ರಾಸೌಂಡಿನ "ಗೆರೆಗೆರೆಯಾದ ರಚನೆ" ಎಂಬ ಮಾತೂ ಅದಕ್ಕೇ ಹೊಂದುತ್ತದೆ.

ಇದನ್ನು 1961ರಲ್ಲಿ ಫಿನ್‌ಲ್ಯಾಂಡಿನ ಯಾರ್ವಿ ಮತ್ತು ಸ್ಯಾಕ್ಸೆನ್ ಎಂಬ ವೈದ್ಯರು ವಿವರಿಸಿ ಬರೆದರು. ನಿಜವಾದ ಅರ್ಥದಲ್ಲಿ ಇದು ಗಡ್ಡೆಯೇ ಹೌದೋ ಅಲ್ಲವೋ ಎಂಬ ವಾದ ಇನ್ನೂ ಇದೆ. ರೆಕ್ಕೆ ಮೂಳೆ ಪಕ್ಕೆಲುಬುಗಳ ಮೇಲೆ ವರ್ಷಗಟ್ಟಲೆ ಉಜ್ಜಿ ಉಜ್ಜಿ, ನಡುವಿನ ಅಂಗಾಂಶ ದಪ್ಪಗಟ್ಟುತ್ತದೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾರು, ಕೊಬ್ಬು, ಅವುಗಳ ನಡುವೆ ತುಂಡುತುಂಡಾದ ದಪ್ಪ ಇಲಾಸ್ಟಿಕ್ ಎಳೆಗಳು. ಉಜ್ಜಾಟವೇ ಪೂರ್ತಿ ಕಾರಣವೆಂದೂ ಹೇಳಲಾಗದು. ಜಪಾನಿನ ಓಕಿನಾವಾದಲ್ಲಿ 170 ರೋಗಿಗಳನ್ನು ಪರಿಶೀಲಿಸಿ 1982ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂರನೆಯ ಒಂದು ಭಾಗದವರ ಮನೆತನದಲ್ಲೇ ಇದು ಕಂಡುಬಂದಿತ್ತು.

ಹೆಸರು ಕೇಳಿ ಅಪರೂಪದ್ದೆಂದು ಹೆದರಬೇಡಿ. ಫಿನ್‌ಲ್ಯಾಂಡಿನಲ್ಲೇ 1975ರ ಒಂದು ಅಧ್ಯಯನದಲ್ಲಿ, 55 ದಾಟಿ ತೀರಿಕೊಂಡವರ ಶವಪರೀಕ್ಷೆ ಮಾಡಿದಾಗ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಶೇ. 11 ಮಂದಿಗೆ ಈ ಬದಲಾವಣೆ ಇತ್ತು. ಬಹುಪಾಲು ಜನ ಅದು ಇರುವುದೇ ಗೊತ್ತಿಲ್ಲದೆ ಬದುಕಿದವರು. ಇದು ಕ್ಯಾನ್ಸರಾಗಿ ತಿರುಗಿದ ಉದಾಹರಣೆ ವೈದ್ಯಕೀಯ ದಾಖಲೆಗಳಲ್ಲಿ ಇಲ್ಲ. ನಿಮ್ಮ ಸೋದರಮಾವನವರಿಗೆ ಇದನ್ನು ಓದಿ ಹೇಳಿ.

ಹಾಗಾದರೆ ಹೋಗಬೇಡಿ ಎಂದದ್ದು ಏಕೆ? ಮೇಲೆ ಬಸು ಅವರು ಬರೆದ ಗಂಟಿಗೂ ಇದಕ್ಕೂ ಸಂಬಂಧವಿಲ್ಲ. ಚರ್ಮದ ಕೆಳಗಿನ ಸಾಮಾನ್ಯ ಲೈಪೋಮ, ಅಂದರೆ ಕೊಬ್ಬಿನ ಗಂಟು, ಮೆತ್ತಗಿರುತ್ತದೆ, ಅದಕ್ಕೊಂದು ತೆಳುವಾದ ಚೀಲವಿರುತ್ತದೆ. ಅಂಚನ್ನು ಬೆರಳಿನಿಂದ ಒತ್ತಿದರೆ ನುಣುಚಿಕೊಳ್ಳುತ್ತದೆ, ಚರ್ಮ ಸೀಳಿ ಒತ್ತಿದರೆ ಹಲಸಿನ ತೊಳೆ ಜಾರಿದಂತೆ ಹೊರಗೆ ಬರುತ್ತದೆ. ಅದಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಧಾರಾಳವಾಗಿ ಸಾಕು. ಎಲಾಸ್ಟೊಫೈಬ್ರೋಮಕ್ಕೆ ಚೀಲವೇ ಇಲ್ಲ. ಅದು ಬೆನ್ನಿನ ಅಗಲ ಸ್ನಾಯುವಿನ ಅಡಿಯಲ್ಲಿ, ಆರರಿಂದ ಎಂಟನೆಯ ಪಕ್ಕೆಲುಬುಗಳ ಮೇಲೆ ಕುಳಿತಿರುತ್ತದೆ. ಎಷ್ಟೋ ಸಲ ಪಕ್ಕೆಲುಬಿನ ಪೊರೆಗೇ ಅಂಟಿಕೊಂಡಿರುತ್ತದೆ. ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸಿ, ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಕೊಡುತ್ತ ಅಲ್ಲಿಯವರೆಗೆ ಇಳಿಯುವುದು ಇಬ್ಬರಿಗೂ ಶಿಕ್ಷೆ. ಬೇರೆ ಕಡೆ ಹೀಗೆ ಶುರುಮಾಡಿ, ರಕ್ತ ನಿಲ್ಲದೆ, ಅರ್ಧ ಗಂಟು ಒಳಗೇ ಬಿಟ್ಟು, ಬಟ್ಟೆ ತುರುಕಿ, ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೆ ಕಳಿಸಿದವರನ್ನು ನಾನು ಕಂಡಿದ್ದೇನೆ. ಅರ್ಧ ಗಂಟೆಯ ಕೆಲಸ ಎಂದು ಹೊರಟು ಅರ್ಧ ರಾತ್ರಿಗೆ ಮುಟ್ಟಿದ ಪ್ರಕರಣಗಳು ಅವು.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಅದು ಎಲಾಸ್ಟೊಫೈಬ್ರೋಮವೇ ಎಂದು ನಾನು ಊಹಿಸುತ್ತಿದ್ದೇನೆ, ಅಷ್ಟೇ. ಎದೆಗೂಡಿನ ಗೋಡೆಯಲ್ಲಿ ಬೇರೆ ಗಂಟುಗಳೂ ಇವೆ. ಸ್ನಾಯುಗಳ ನಡುವಿನ ಲೈಪೋಮ, ಪಕ್ಕೆಲುಬುಗಳ ನಡುವಿನ ನರದ ಪೊರೆಯಲ್ಲಿ ಬೆಳೆಯುವ ಶ್ವಾನೋಮ, ರಕ್ತನಾಳಗಳ ಗಂಟು. ಇವೆಲ್ಲ ನಿರಪಾಯವೇ, ಆದರೆ ಒಂದೊಂದನ್ನೂ ತೆಗೆಯುವ ಬಗೆ ಬೇರೆ. ಹೊರಗೆ ಮೊಟ್ಟೆಯಷ್ಟು ಕಂಡ ಲೈಪೋಮ ಎರಡು ಪಕ್ಕೆಲುಬುಗಳ ಸಂದಿಯಲ್ಲಿ ತೂರಿ ಎದೆಯೊಳಗೆ ಇನ್ನೊಂದು ಮೊಟ್ಟೆಯಾಗಿ ಕುಳಿತಿರುವುದೂ ಉಂಟು. ಸ್ಕ್ಯಾನ್ ಇಲ್ಲದೆ ಚಾಕು ಹಾಕಿದವನಿಗೆ ಅದು ಗೊತ್ತಾಗುವುದು ಶ್ವಾಸಕೋಶದ ಪೊರೆ ತೂತಾದ ಮೇಲೆ. ಕೊಬ್ಬಿನ ಗಂಟಿನಂತೆಯೇ ನಟಿಸುವ ಸಾರ್ಕೋಮಗಳೂ, ಅಂದರೆ ಕೊಬ್ಬು, ಸ್ನಾಯುಗಳಂಥ ಅಂಗಾಂಶದ ಕ್ಯಾನ್ಸರುಗಳೂ ಇವೆ. ಅಪರೂಪವೇ, ಆದರೆ ಅಂಥದ್ದನ್ನು ಸಾಮಾನ್ಯ ಗಂಟೆಂದು ಬಗೆದು ಕೊಯ್ದರೆ, ಒಂದೇ ಸಲಕ್ಕೆ ಪೂರ್ತಿಯಾಗಿ ತೆಗೆಯುವ ಅವಕಾಶ ಕೈಬಿಟ್ಟುಹೋಗುತ್ತದೆ. "ತೆಗೆದ ಮೇಲೆ ಪರೀಕ್ಷೆಗೆ ಕಳಿಸಿ" ಎಂಬ ಸಲಹೆ ಇಲ್ಲಿ ಹಿಂದುಮುಂದಾಗುತ್ತದೆ. ಗಂಟು 5 ಸೆಂ.ಮೀ. ಮೀರಿದ್ದರೆ, ಸ್ನಾಯುವಿನ ಅಡಿಯಲ್ಲಿದ್ದರೆ, ಬೆಳೆಯುತ್ತಿದ್ದರೆ ಅಥವಾ ನೋಯುತ್ತಿದ್ದರೆ, ಅದು ಏನೆಂದು ತಿಳಿಯುವ ಮೊದಲು ಚಾಕು ಮುಟ್ಟಬಾರದು. ನಿಮ್ಮ ಅಮ್ಮನದು ಮೊದಲ ಎರಡಕ್ಕೂ ಸೇರಿದೆ.

ನಮ್ಮ ಕಡೆ ಮರೆಯಬಾರದ ಇನ್ನೊಂದಿದೆ, ಕ್ಷಯ. ಪಕ್ಕೆಲುಬಿನ ಕ್ಷಯದಿಂದ ಬರುವ ತಣ್ಣನೆಯ ಬಾವು ಬಿಸಿಯಿರುವುದಿಲ್ಲ, ಕೆಂಪಾಗುವುದಿಲ್ಲ, ಮೆತ್ತಗೆ ಉಬ್ಬಿರುತ್ತದೆ. ಲೈಪೋಮವೆಂದು ಅದನ್ನು ಸೀಳಿದರೆ ಗಾಯ ತಿಂಗಳುಗಟ್ಟಲೆ ಸೋರುತ್ತದೆ. ಅದು ಮಾಯುವುದು ಕ್ಷಯದ ಮಾತ್ರೆಗೇ ಹೊರತು ಹೊಲಿಗೆಗಲ್ಲ.

ಈಗ ಮಾಡಬೇಕಾದದ್ದು ಎಂಆರ್‌ಐ. ಎರಡೂ ಹೆಗಲು ಸೇರುವಂತೆ ಮಾಡಲು ಹೇಳಿ, ಏಕೆಂದರೆ ಇದು ಎರಡೂ ಕಡೆ ಇರುವುದು ಸಾಮಾನ್ಯ. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಕೈಗೆ ಸಿಗದಷ್ಟು ಚಿಕ್ಕದು. ಚಿತ್ರದಲ್ಲಿ ಸ್ನಾಯುವಿನಂಥದೇ ಬಣ್ಣದ ಚಪ್ಪಟೆ ಉಬ್ಬು, ಅದರೊಳಗೆ ಕೊಬ್ಬಿನ ಗೆರೆಗಳು, ಅದೂ ಇದೇ ಜಾಗದಲ್ಲಿ, ಅದರಲ್ಲೂ ಎರಡೂ ಕಡೆ ಕಂಡರೆ ಸೂಜಿಯ ಅಗತ್ಯವೇ ಬೀಳದಿರಬಹುದು. ಸಂಶಯ ಉಳಿದರೆ ದಪ್ಪ ಸೂಜಿಯಿಂದ ಚೂರು ತೆಗೆದು ನೋಡುತ್ತಾರೆ. ಸಣ್ಣ ಸೂಜಿಯಿಂದ ಹೀರಿ ನೋಡುವ ಪರೀಕ್ಷೆಗೆ ಈ ಗಂಟಿನಲ್ಲಿ ಜೀವಕೋಶಗಳೇ ಸರಿಯಾಗಿ ಸಿಗುವುದಿಲ್ಲ. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಭಯಕ್ಕೆ ನಿರಪಾಯದ ಗಂಟಿನಲ್ಲಿ ಅರ್ಥವೇ ಇಲ್ಲ, ಹರಡಲು ಅಲ್ಲಿ ಏನೂ ಇರುವುದಿಲ್ಲ. ಅಪಾಯದ ಗಂಟೇ ಆದರೂ ಸೂಜಿಯ ದಾರಿಯಲ್ಲಿ ಅದು ಬೆಳೆಯುವುದು ಬಹಳ ಅಪರೂಪ. ಆ ಅಪರೂಪಕ್ಕೂ ಉಪಾಯವಿದೆ: ಮುಂದೆ ಕೊಯ್ಯಬೇಕಾದ ಗೆರೆಯ ಮೇಲೆಯೇ ಸೂಜಿ ಹಾಕುತ್ತಾರೆ, ಬೇಕಾದರೆ ಆ ದಾರಿಯನ್ನೂ ಗಂಟಿನ ಜೊತೆ ತೆಗೆಯಬಹುದು.

ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದು ಆಮೇಲಿನ ಮಾತು. ಎಲಾಸ್ಟೊಫೈಬ್ರೋಮವೆಂದು ಖಚಿತವಾಗಿ, ತೊಂದರೆಯೂ ಇಲ್ಲದಿದ್ದರೆ, ನನ್ನ ಮಟ್ಟಿಗೆ ಹಾಗೇ ಬಿಡುವುದೇ ಸರಿ. ನಿದ್ದೆ ಕೆಡಿಸುತ್ತಿದೆ, ಕೈ ಎತ್ತಲು ಅಡ್ಡಬರುತ್ತಿದೆ ಎಂದರೆ ತೆಗೆಸಲಿ. ಆ ನಿರ್ಧಾರ ಬೆನ್ನು ಯಾರದೋ ಅವರದು. ಪುಣೆಯವರದೂ ಅಲ್ಲ, ಹುಬ್ಬಳ್ಳಿಯವರದೂ ಅಲ್ಲ.

ತೀರ್ಥಹಳ್ಳಿ ಟೀಚರ್

ಡಾಕ್ಟರು ಬರೆದ ಇದೇ ಗಂಟನ್ನು ನಾನು ತೆಗೆಸಿಕೊಂಡಿದ್ದೇನೆ, ಬಲಗಡೆಯದೇ. ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಕಪ್ಪುಹಲಗೆಯ ಮೇಲಂಚಿನವರೆಗೆ ಕೈ ಎತ್ತಿ ಬರೆದೇ ಸೇವೆ ಮುಗಿಯಿತು. ಕೊನೆಕೊನೆಗೆ ಕೈ ಎತ್ತಿದರೆ ಒಳಗೆ ಏನೋ ಸಿಕ್ಕಿಕೊಂಡು, ಆಮೇಲೆ ಕಳಚಿಕೊಂಡ ಹಾಗಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರಿಗೆ ಸದ್ದು ಕೇಳುತ್ತಿತ್ತೋ ಇಲ್ಲವೋ, ನನಗಂತೂ ಕೇಳುತ್ತಿತ್ತು.

ಶಸ್ತ್ರಚಿಕಿತ್ಸೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಆಮೇಲಿನದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಪಕ್ಕೆಯಿಂದ ಒಂದು ಪ್ಲಾಸ್ಟಿಕ್ ನಳಿಕೆ ಹೊರಗೆ ಬಂದು ಅಂಗೈ ಅಗಲದ, ಚಪ್ಪಟೆ ಮಾಡಿದ ಡಬ್ಬಿಗೆ ಸೇರಿತ್ತು. ಅದು ಸದ್ದಿಲ್ಲದೆ ಹೀರುತ್ತಲೇ ಇರುತ್ತದೆ. ಮೊದಲು ಬರುವುದು ರಕ್ತದ ಬಣ್ಣ, ಬರಬರುತ್ತ ಕುಂಕುಮ ಕದಡಿದ ನೀರು, ಕೊನೆಗೆ ತಿಳಿ ಹಳದಿ. ದಿನವೂ ಬೆಳಿಗ್ಗೆ ಅಳತೆಯ ಲೋಟಕ್ಕೆ ಸುರಿದು ಎಷ್ಟು ಎಂಎಲ್ ಎಂದು ಬರೆದಿಡಬೇಕು. ಗಣಿತದವಳಿಗೆ ಅದೊಂದೇ ಖುಷಿಯ ಕೆಲಸವಾಗಿತ್ತು. ಅಳತೆ ಇಳಿದ ಮೇಲೆ ನಳಿಕೆ ತೆಗೆದರು, ನಾನು ಮನೆಗೆ ಬಂದೆ. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಊತ! ಗಂಟು ಹಿಂತಿರುಗಿತೆಂದು ಮನೆಯವರೆಲ್ಲ ಕಂಗಾಲು. ಗಂಟಲ್ಲ, ಖಾಲಿಯಾದ ಜಾಗದಲ್ಲಿ ನೀರು ತುಂಬಿಕೊಳ್ಳುವುದಂತೆ, ಸೀರೋಮ ಎನ್ನುತ್ತಾರೆ. ಸಿರಿಂಜಿನಲ್ಲಿ ಎಳೆದು, ಅಗಲವಾದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು. ಮತ್ತೆ ತುಂಬಿತು, ಮತ್ತೆ ಎಳೆದರು. ಆಮೇಲೆ ನಿಂತಿತು.

ಕೆಲವು ಸಣ್ಣ ವಿಷಯಗಳು. ಮುಂದೆ ಗುಂಡಿಯಿರುವ ಸಡಿಲ ನೈಟಿ ಎರಡು ಮೊದಲೇ ತೆಗೆದಿಡಿ. ತಲೆಯ ಮೇಲಿಂದ ಹಾಕುವುದು ಯಾವುದೂ ಆಗದು. ಜಡೆ ಹೆಣೆಯಲು ಇನ್ನೊಬ್ಬರು ಬೇಕು. ಬಾವಿ ಹಗ್ಗ, ಒರಳು, ಬಿಂದಿಗೆ ಎಲ್ಲವೂ ದೂರ. ಹಾಗೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂರಲೂಬಾರದು, ಹೆಗಲು ಬಿಗಿದುಕೊಳ್ಳುತ್ತದೆ. ನನಗೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ಮೇಲೊಯ್ಯುವ ವ್ಯಾಯಾಮ ಹೇಳಿಕೊಟ್ಟಿದ್ದರು. ಕಲೆಯ ಸುತ್ತ ಚರ್ಮ ಈಗಲೂ ಸ್ವಲ್ಪ ಮರಗಟ್ಟಿದ ಹಾಗಿದೆ. ಸದ್ದು ನಿಂತಿದೆ. ಒಟ್ಟಿನಲ್ಲಿ ತೆಗೆಸಿದ್ದಕ್ಕೆ ಬೇಸರವಿಲ್ಲ, ಆದರೆ "ಮಧ್ಯಾಹ್ನ ಬಂದು ರೊಟ್ಟಿ ಉಂಡರು" ಎಂಬಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನಿವೃತ್ತ ಸರ್ಜನ್, ಧಾರವಾಡ

ಟೀಚರ್ ಬರೆದದ್ದು ಅಕ್ಷರಶಃ ನಿಜ. ಈ ಶಸ್ತ್ರಚಿಕಿತ್ಸೆಯಲ್ಲಿ ಅತಿ ಹೆಚ್ಚು ಕಾಡುವುದು ನೀರು ಅಥವಾ ರಕ್ತ ತುಂಬಿಕೊಳ್ಳುವುದೇ. ಗಂಟು ಹೋದ ಜಾಗದಲ್ಲಿ ದೊಡ್ಡ ಪೊಳ್ಳು ಉಳಿಯುತ್ತದೆ, ಅದರ ಮೇಲೆ ರೆಕ್ಕೆ ಮೂಳೆ ಜಾರಾಡುತ್ತಲೇ ಇರುತ್ತದೆ, ಎರಡು ಪದರಗಳು ಕೂಡಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ನಾನು ಮುಚ್ಚುವ ಮೊದಲು ಮೇಲಿನ ಸ್ನಾಯುವನ್ನು ಎದೆಗೋಡೆಗೆ ಅಲ್ಲಲ್ಲಿ ಹೊಲಿಯುತ್ತಿದ್ದೆ, ಕೌದಿಗೆ ದೂರದೂರ ಹೊಲಿಗೆ ಹಾಕುವ ಕ್ರಮದಲ್ಲಿ. ಪೊಳ್ಳು ಕಡಿಮೆಯಾಗುತ್ತದೆ. ಆದರೂ ಕೆಲವರಲ್ಲಿ ತುಂಬಿಯೇ ತುಂಬುತ್ತದೆ.

ಓದುವವರಿಗೆ ಕುತೂಹಲವಿರಬಹುದು, ಒಳಗಿನದನ್ನೂ ಹೇಳಿಬಿಡುತ್ತೇನೆ. ರೋಗಿಯನ್ನು ಮಗ್ಗುಲಾಗಿ ಇಲ್ಲವೇ ಬೋರಲು ಮಲಗಿಸಿ, ರೆಕ್ಕೆ ಮೂಳೆಯ ಕೆಳ ಅಂಚಿನ ಗುಂಟ ಓರೆಯಾಗಿ ಕೊಯ್ಯುತ್ತೇವೆ. ಅಗಲ ಸ್ನಾಯುವನ್ನು ಕತ್ತರಿಸುವ ಬದಲು ಅದರ ಎಳೆಗಳನ್ನು ಬಿಡಿಸಿ, ಅಂಚನ್ನು ಎತ್ತಿ ಹಿಡಿದು ಒಳಗೆ ಹೋಗುವುದು ಒಳ್ಳೆಯದು. ನೇಯುವ ಕೈಗೆ ಆ ಸ್ನಾಯು ಬೇಕು. ಸಹಾಯಕ ರೆಕ್ಕೆ ಮೂಳೆಯನ್ನು ಎತ್ತಿ ಹಿಡಿದರೆ ಅಡಿಯಲ್ಲಿ ಬಿಳಿ-ಹಳದಿ ಬೆರೆತ, ಗಟ್ಟಿ ರಬ್ಬರಿನ ಹಾಗಿನ ದಿಂಡು ಕಾಣುತ್ತದೆ. ಎಲ್ಲಿ ಅದು ಮುಗಿದು ಸ್ನಾಯು ಶುರುವಾಯಿತೆಂದು ಕಣ್ಣಿಗಿಂತ ಬೆರಳಿಗೇ ಹೆಚ್ಚು ತಿಳಿಯುತ್ತದೆ. ಸುತ್ತ ಆರೋಗ್ಯವಂತ ಅಂಗಾಂಶವನ್ನು ಅಗಲವಾಗಿ ತೆಗೆಯುವ ಅಗತ್ಯವಿಲ್ಲ. ಗಂಟಿನ ಅಂಚು ಹಿಡಿದು ತೆಗೆದರೂ ಮರಳುವುದು ಅಪರೂಪ. ಪಕ್ಕೆಯ ಮುಂದಿನ ಸ್ನಾಯುವಿಗೆ ಹೋಗುವ ಉದ್ದನೆಯ ನರವೊಂದಿದೆ. ಅದಕ್ಕೆ ಏಟು ಬಿದ್ದರೆ ರೆಕ್ಕೆ ಮೂಳೆ ಹಿಂದಕ್ಕೆ ಎದ್ದು ನಿಲ್ಲುತ್ತದೆ, ಕೈ ಮೇಲೆತ್ತಲು ಕಷ್ಟವಾಗುತ್ತದೆ. ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅವಸರವಾಗಿ ಮಾಡಬೇಡಿ ಎನ್ನಲು ಅದೂ ಒಂದು ಕಾರಣ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕ ಸಿಬ್ಬಂದಿ) ಕೇಳಿ. ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಾಗದಿರಬಹುದು. ರೆಫರಲ್ ಚೀಟಿ ಬೇಕು.

ಮಂಗಳೂರಿನಿಂದ

ನಡುವೆ ಬಂದೆ, ಕ್ಷಮಿಸಿ. ನನಗೆ 29 ವರ್ಷ. ಕಾಲರ್ ಮೂಳೆಯ ಕೆಳಗೆ, ಎದೆಯ ಮುಂಭಾಗದಲ್ಲಿ ಗಟ್ಟಿ ಗಂಟು. ಸೂಜಿ ಪರೀಕ್ಷೆಯಲ್ಲಿ ಡೆಸ್ಮಾಯ್ಡ್ (ನಾರಿನಂಥ ಅಂಗಾಂಶದ ಗಂಟು) ಎಂದು ಬಂದಿದೆ. ಕ್ಯಾನ್ಸರಲ್ಲ ಎನ್ನುತ್ತಾರೆ, ಆದರೂ ಕ್ಯಾನ್ಸರ್ ವಿಭಾಗಕ್ಕೆ ಕಳಿಸಿದ್ದಾರೆ. ಅಲ್ಲಿ ನೋಡಿದರೆ ಶಸ್ತ್ರಚಿಕಿತ್ಸೆ ಮಾಡದೆ "ಮೂರು ತಿಂಗಳಿಗೆ ಮತ್ತೆ ಎಂಆರ್‌ಐ ಮಾಡಿಸಿ" ಎಂದು ಕಳಿಸಿಬಿಟ್ಟರು. ನನ್ನನ್ನು ಸಾಗಹಾಕುತ್ತಿದ್ದಾರೆಯೇ?

ನಿವೃತ್ತ ಸರ್ಜನ್, ಧಾರವಾಡ

ಇಲ್ಲ, ಸರಿಯಾದದ್ದನ್ನೇ ಮಾಡಿದ್ದಾರೆ. ಡೆಸ್ಮಾಯ್ಡ್ ದೂರದ ಅಂಗಗಳಿಗೆ ಹಾರುವುದಿಲ್ಲ, ಆದರೆ ಇದ್ದ ಜಾಗದಲ್ಲಿ ಬೇರುಬಿಡುತ್ತದೆ, ಕೊಯ್ದರೆ ಎಷ್ಟೋ ಸಲ ಅಲ್ಲಿಗೇ ಮರಳುತ್ತದೆ. ನಮ್ಮ ಕಾಲದಲ್ಲಿ ಕಂಡೊಡನೆ ಪಕ್ಕೆಲುಬು ಸಮೇತ ತೆಗೆಯುತ್ತಿದ್ದೆವು. ಕೆಲವು ಡೆಸ್ಮಾಯ್ಡ್‌ಗಳು ತಾವಾಗಿಯೇ ನಿಲ್ಲುತ್ತವೆ, ಕುಗ್ಗುವುದೂ ಉಂಟು ಎಂದು ಗೊತ್ತಾದ ಮೇಲೆ, 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ಮೊದಲು ಕಾದು ನೋಡಿ ಎಂದೇ ಹೇಳಿತು. ಬೆಳೆದರೆ ಔಷಧಗಳೂ ಇವೆ. 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ನಿರೊಗಾಸೆಸ್ಟಾಟ್ ಎಂಬ ಮಾತ್ರೆಗೆ ಇದಕ್ಕೆಂದೇ ಅನುಮತಿ ಸಿಕ್ಕಿತು. ಎಂಆರ್‌ಐ ತಪ್ಪಿಸಬೇಡಿ. ಗರ್ಭ ಧರಿಸುವ ಯೋಚನೆ ಇದ್ದರೆ ಅವರಿಗೆ ಈಗಲೇ ಹೇಳಿ, ಏಕೆಂದರೆ ಬಸಿರಿನಲ್ಲಿ ಇದು ಬೆಳೆಯಬಹುದು. ಉಳಿದದ್ದನ್ನು ಬೇರೆ ಪ್ರಶ್ನೆಯಾಗಿ ಹಾಕಿ, ಇಲ್ಲಿ ಇಳಕಲ್ಲಿನ ಅಮ್ಮನ ವಿಷಯ ಕಲಸಿಹೋಗುತ್ತದೆ.

ಬೆಟಗೇರಿ ಬಸು

ಒಪ್ಪಿದೆ ಡಾಕ್ಟರೇ, ನಮ್ಮದು ಚರ್ಮದ ಕೆಳಗಿನದೇ ಇರಬೇಕು. ಇನ್ನೊಂದು ಕೇಳಲೇ? ನಮ್ಮ ಕಡೆ ಇಂಥ ಗಂಟಿಗೆ ಸುಟ್ಟಿಗೆ (ಬರೆ) ಹಾಕುತ್ತಾರೆ, ಕರಗುತ್ತದೆ ಎನ್ನುತ್ತಾರೆ.

ನಿವೃತ್ತ ಸರ್ಜನ್, ಧಾರವಾಡ

ಗಂಟು ಕರಗುವುದಿಲ್ಲ, ಚರ್ಮ ಸುಡುತ್ತದೆ. ಮುಂದೆ ನಾವು ಕೊಯ್ಯಬೇಕಾದ ಜಾಗದಲ್ಲೇ ಕೀವು ತುಂಬಿದ ಗಾಯ ಸಿಗುತ್ತದೆ.

ಇಳಕಲ್ಲಿನವ

ಎಲ್ಲರಿಗೂ ಧನ್ಯವಾದ. ಸೋಮವಾರ ಹೋಗಲಿಲ್ಲ. ಎಂಆರ್‌ಐ ಆಯಿತು. ಬಲಗಡೆ 7 × 5 ಸೆಂ.ಮೀ., ಎರಡೂವರೆ ಸೆಂ.ಮೀ. ದಪ್ಪ, ಎಡಗಡೆಯೂ ಚಿಕ್ಕದೊಂದು ಇದೆ, ಅದು ಯಾರಿಗೂ ಗೊತ್ತೇ ಇರಲಿಲ್ಲ. ಸ್ನಾಯುವಿನಂಥದೇ ಬಣ್ಣ, ನಡುವೆ ಕೊಬ್ಬಿನ ಗೆರೆಗಳು, ಪಕ್ಕೆಲುಬಿಗೆ ಹಾನಿಯಿಲ್ಲ, ಎದೆಯೊಳಗೆ ಏನೂ ಹೋಗಿಲ್ಲ. ಎಲಾಸ್ಟೊಫೈಬ್ರೋಮ ಎಂದೇ ಬರೆದಿದ್ದಾರೆ. ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯರೂ ನೋಡಿ, ಸೂಜಿ ಬೇಡ ಎಂದರು.

ಸೋದರಮಾವನಿಗೆ ನಿಮ್ಮ ಉತ್ತರವನ್ನು ಓದಿ ಹೇಳಿದೆ. ಎಲ್ಲ ಕೇಳಿ, "ಫಿನ್‌ಲ್ಯಾಂಡಿನವರಿಗೆ ನಮ್ಮ ಮಗ್ಗ ಏನು ಗೊತ್ತು" ಎಂದರು. ಆದರೆ ಹೆದರಿಸುವುದನ್ನು ನಿಲ್ಲಿಸಿದ್ದಾರೆ.

ಅಮ್ಮನ ತೀರ್ಮಾನ ಹೀಗಿದೆ: ಎಡಗಡೆಯದನ್ನು ಯಾರೂ ಮುಟ್ಟಕೂಡದು. ಬಲಗಡೆಯದನ್ನು ತೆಗೆಸುತ್ತಾರೆ, ರಾತ್ರಿ ಹೊರಳುವಾಗ ಎಚ್ಚರವಾಗುವುದು ಈಗ ಹೆಚ್ಚಾಗಿದೆಯಂತೆ, ಇಷ್ಟು ದಿನ ನಮಗೆ ಹೇಳಿರಲಿಲ್ಲ. ಆದರೆ ಮಗ್ಗಕ್ಕೆ ಏರಿಸಿದ ಹಾಸು (ಉದ್ದೆಳೆಯ ನೂಲು) ನೇಯ್ದು ಮುಗಿಯದೆ ಆಸ್ಪತ್ರೆಗೆ ಬರುವುದಿಲ್ಲ ಎನ್ನುತ್ತಾರೆ. ಅಷ್ಟು ಕಾಯಬಹುದೇ? ಮತ್ತೆ ಮಗ್ಗಕ್ಕೆ ಕೂರುವುದು ಯಾವಾಗ?

ನಿವೃತ್ತ ಸರ್ಜನ್, ಧಾರವಾಡ

ಧಾರಾಳವಾಗಿ ಕಾಯಬಹುದು. ಇದು ವರ್ಷಗಟ್ಟಲೆ ಬೆಳೆದದ್ದು, ಒಂದು ಹಾಸು ನೇಯ್ದು ಮುಗಿಯುವಷ್ಟರಲ್ಲಿ ಏನೂ ಆಗದು. ಶಸ್ತ್ರಚಿಕಿತ್ಸೆಯ ಆಮೇಲೆ ನೀರು ತುಂಬುವುದು ನಿಂತು, ಗಾಯ ಮಾಗಿ, ಹೆಗಲು ಪೂರ್ತಿ ಆಡುವವರೆಗೆ ಲಾಳಿಯ ಹಗ್ಗ ಬೇಡ. ಒಂದೂವರೆ-ಎರಡು ತಿಂಗಳು ಎಂದುಕೊಳ್ಳಿ, ಮೊದಲ ಹದಿನೈದು ದಿನ ಕೈ ಮೇಲೆತ್ತುವ ಕೆಲಸವನ್ನೇ ಮಾಡಬಾರದು. ಆಮೇಲೆ ಸ್ವಲ್ಪಸ್ವಲ್ಪವಾಗಿ ನೇಯಲಿ. ಕೈ ಎಷ್ಟು ಬೇಗ ಸರಿಯಾಯಿತೆಂದು ಅಂತಿಮವಾಗಿ ಹೇಳಬೇಕಾದವರು ಅಲ್ಲಿನ ವೈದ್ಯರು, ನಾನಲ್ಲ.

ಒಂದು ಮಾತು: ಅಮ್ಮ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ರಕ್ತ ತೆಳುವಾಗಿಸುವಂಥದ್ದು ಏನಾದರೂ ಇದೆಯೇ?

ಇಳಕಲ್ಲಿನವ

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು. ಹೃದಯಕ್ಕೆಂದು ರಾತ್ರಿ ಒಂದು ಚಿಕ್ಕ ಮಾತ್ರೆ ಇದೆ. ಅಣ್ಣನಿಂದ ಚೀಟಿಯ ಫೋಟೊ ತರಿಸಿ ನೋಡಿದೆ: ಆಸ್ಪಿರಿನ್ 75.

ನಿವೃತ್ತ ಸರ್ಜನ್, ಧಾರವಾಡ

ಅದನ್ನು ನೀವೇ ನಿಲ್ಲಿಸಬೇಡಿ, ಮುಚ್ಚಿಡಲೂಬೇಡಿ. ಏಕೆ ಕೊಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಒಂದು ಲೆಕ್ಕ, ಸುಮ್ಮನೆ ಮುನ್ನೆಚ್ಚರಿಕೆಗೆ ಕೊಟ್ಟಿದ್ದರೆ ಇನ್ನೊಂದು. ಚೀಟಿಯನ್ನೇ ಒಯ್ದು ಅರಿವಳಿಕೆ ತಜ್ಞರಿಗೆ ತೋರಿಸಿ, ಮಾತ್ರೆ ಬರೆದುಕೊಟ್ಟವರನ್ನೂ ಕೇಳಲು ಹೇಳಿ. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗಲೇ ಮಾಡಿಸಿಡಿ. ಹೆಚ್ಚಿದ್ದರೆ ಹಾಸು ಮುಗಿಯುವುದರೊಳಗೆ ಇಳಿಸಿಕೊಳ್ಳಲು ಸಮಯವಿದೆ.